ಹದಿನಾಲ್ಕನೇ ಪುಟದ ಫೋಟೋ

ಸೇಡು ತೀರಿಸಿಕೊಳ್ಳಲು ನನಗೆ ಸಿಕ್ಕಿದ್ದು ಎರಡು ಸಾಲಿನ ಜಾಗ. ಅದೂ ಕಣ್ಣಿಗೆ ಕಾಣದ ಜಾಗ.

ಸಿಂಧನೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ನನ್ನ ಕೆಲಸ. ಕಣ್ಣಿಲ್ಲದವರ ಫೋನು ಪಿಡಿಎಫ್ ಪುಸ್ತಕವನ್ನು ಗಟ್ಟಿಯಾಗಿ ಓದುತ್ತದೆ. ಫೋಟೋ ಬಂತೆಂದರೆ ಅದರ ಬಾಯಿ ಕಟ್ಟುತ್ತದೆ. ಅದಕ್ಕೇ ಪ್ರತಿ ಚಿತ್ರದ ಹಿಂದೆ ಅದರಲ್ಲಿ ಏನಿದೆ ಎಂದು ನಾನು ಬರೆದಿಡಬೇಕು. ಕಣ್ಣಿದ್ದವರಿಗೆ ಅದು ಕಾಣುವುದಿಲ್ಲ, ಫೋನಿನಲ್ಲಿ ಕೇಳುವವರಿಗಷ್ಟೇ ಕೇಳುತ್ತದೆ. ಬರೆದದ್ದನ್ನೆಲ್ಲ ಮೊದಲು ಮಸ್ಕಿಯಲ್ಲಿರುವ ಅಕ್ಕನಿಗೆ ಕಳಿಸುತ್ತೇನೆ. ಹತ್ತನೇ ವಯಸ್ಸಿನಲ್ಲಿ ಜ್ವರ ಬಂದು ಅವಳ ಕಣ್ಣು ಹೋದವು. ಅವಳು "ತಿಳೀತು" ಎಂದರೆ ಪಾಸು.

ಹೋದ ವರ್ಷ ಲಿಂಗಸುಗೂರಿನ ಒಂದು ಸೇವಾ ಸಂಘದ ಸ್ಮರಣ ಸಂಚಿಕೆ ನನ್ನ ಟೇಬಲ್ಲಿಗೆ ಬಂತು. ಜೊತೆಗೊಂದು ಅಪ್ಪಣೆ: ಪ್ರತಿ ಫೋಟೋದ ವಿವರಣೆ ಅಧ್ಯಕ್ಷರಿಂದಲೇ ಶುರುವಾಗಬೇಕು, "ಮಾನ್ಯ" ಬಿಡಬಾರದು. ಪುಟ ತಿರುವುತ್ತ ಹೋದೆ. ಹದಿನಾಲ್ಕನೇ ಪುಟದಲ್ಲಿ ಅಕ್ಕ ನಿಂತಿದ್ದಳು.

ಕಣ್ಣಿಲ್ಲದವರಿಗೆ ಫೋನು ಹಂಚುವ ಆ ಕಾರ್ಯಕ್ರಮಕ್ಕೆ ಅವಳನ್ನು ಕರೆದುಕೊಂಡು ಹೋಗಿದ್ದವಳು ನಾನೇ. ವೇದಿಕೆಯ ಮೇಲೆ ಅಧ್ಯಕ್ಷರು ಅವಳ ಕೈಗೆ ಹೊಸ ಫೋನಿನ ಡಬ್ಬಿ ಇಟ್ಟು ಫೋಟೋ ಹೊಡೆಸಿಕೊಂಡರು. ಅವಳು ಮೆಟ್ಟಿಲಿಳಿಯುವ ಮೊದಲೇ, "ಇಲ್ಲಿ ಕೊಡವಾ, ಅದು ಫೋಟೋಕ್ಕಷ್ಟ" ಎಂದು ಕಿತ್ತುಕೊಂಡು ಮುಂದಿನವರ ಕೈಗಿಟ್ಟರು. ಬಸ್ಸು ಮಸ್ಕಿ ಮುಟ್ಟುವವರೆಗೂ ಅಕ್ಕ ಬರಿಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕೂತಿದ್ದಳು. ಆಮೇಲೆ ನಾನೇ ಒಂದು ಫೋನು ಕೊಡಿಸಿದೆ, ಆದರೆ ಆ ಮನುಷ್ಯನ ಹೆಸರು ಕೇಳಿದರೆ ಈಗಲೂ ಮೈ ಉರಿಯುತ್ತದೆ.

ಸಿಕ್ಕೆಯಲ್ಲ ಮಗನೇ ಎಂದುಕೊಂಡು ಬರೆದೆ: "ಮಾನ್ಯ ಅಧ್ಯಕ್ಷರು ಹಲ್ಲು ಕಿರಿದು ನಿಂತಿದ್ದಾರೆ. ಕಣ್ಣು ಕ್ಯಾಮೆರಾದ ಮೇಲಿದೆ. ಕೊಡುತ್ತಿರುವ ಡಬ್ಬಿಯನ್ನು ಅವರ ಕೈ ಇನ್ನೂ ಬಿಟ್ಟಿಲ್ಲ." ಒಂದಕ್ಷರ ಸುಳ್ಳಿಲ್ಲ. ಅವರಿಗಿದು ಎಂದೂ ಕಾಣುವುದಿಲ್ಲ. ಅವರು ಯಾರಿಗೆ ಮೋಸ ಮಾಡಿದರೋ ಅವರಿಗೆಲ್ಲ ಕೇಳುತ್ತದೆ. ಆ ಖುಷಿಗೆ ಚಹಾದ ಜೊತೆ ಎರಡು ಮಿರ್ಚಿ ಹೆಚ್ಚಿಗೆ ತಿಂದೆ.

ಸಂಜೆ ಅಕ್ಕ ಫೋನ್ ಮಾಡಿದಳು. ನಗುತ್ತಾಳೆಂದು ಕಾದೆ.

"ಚೊಲೋ ಬೈದೀ. ಆದ್ರ ನಾ ಎಲ್ಲಿ ಅದೀನಿ ಇದರಾಗ?"

ಬರೆದದ್ದನ್ನು ಮತ್ತೆ ಓದಿದೆ. ಅವಳು ಎಲ್ಲೂ ಇರಲಿಲ್ಲ.

"ನೀನೂ ಅವನಿಂದಾನ ಶುರು ಮಾಡಿ, ಅವನಿಗೇ ಮುಗಿಸೀ. ಅವತ್ತು ನಾ ಯಾವ ಸೀರಿ ಉಟ್ಟಿದ್ದೆ? ನಕ್ಕಿದ್ದೆನೇನು? ನನ್ನ ಫೋಟೋ ನಾ ನೋಡಿಲ್ಲ ಬೇ. ನಿನ್ನ ಬಿಟ್ರ ಯಾರು ಹೇಳಬೇಕು?"

ಚಿತ್ರವನ್ನು ಮತ್ತೆ ತೆರೆದೆ. ಬೆಳಗಿನಿಂದ ಅವನ ಹಲ್ಲನ್ನೇ ನೋಡಿದ್ದೆ, ಅಕ್ಕನ ಮುಖ ನೋಡಿರಲಿಲ್ಲ. ಅವಳು ನಕ್ಕಿದ್ದಳು. ಡಬ್ಬಿ ತನ್ನದೇ ಎಂದು ನಂಬಿ ನಕ್ಕಿದ್ದಳು. ನನಗೆ ಅಳು ಬಂತು, ಸಿಟ್ಟು ಇಮ್ಮಡಿಯಾಯಿತು.

ಸಂಘದ ಅಪ್ಪಣೆಯನ್ನು ಗಾಳಿಗೆ ತೂರಿ ಹೊಸದಾಗಿ ಬರೆದೆ: "ಹಸಿರು ಇಳಕಲ್ ಸೀರೆ ಉಟ್ಟು ಮಲ್ಲಿಗೆ ಮುಡಿದ ಮಹಿಳೆ, ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಬಾಯ್ತುಂಬ ನಗುತ್ತಿದ್ದಾರೆ. ಪಕ್ಕದಲ್ಲಿ ಒಬ್ಬ ಗಂಡಸು."

ಅಕ್ಕ ಅದನ್ನು ಎರಡು ಸಲ ಕೇಳಿ, "ತಿಳೀತು" ಎಂದಳು.

ಆ ಸಂಚಿಕೆ ಸಂಘದ ವೆಬ್‌ಸೈಟಿನಲ್ಲಿ ಇನ್ನೂ ಇದೆ. ಅಧ್ಯಕ್ಷರು ಅದರಲ್ಲಿ ಇಂದಿಗೂ ಪಕ್ಕದಲ್ಲಿ ಒಬ್ಬ ಗಂಡಸು.