ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಪಕ್ಕದಲ್ಲಿ ಕೂತ ಮೇಡಂ ಕಾಲ ಕೆಳಗೆ. ಹದಿನಾಲ್ಕು ವರ್ಷ ಆ ಎರಡನೆಯದನ್ನು ಒತ್ತಿ ಒತ್ತಿ ಮೇಡಂನ ಬಲಮೊಣಕಾಲು ಸವೆದಿದೆ. ವಿಶ್ರಾಂತಿ ತಗೊಳ್ಳಿ ಎಂದರು ಡಾಕ್ಟರು. ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಮಾತ್ರ ಬರೆದುಕೊಡಲಿಲ್ಲ.

ಮೇಡಂಗೆ ವಯಸ್ಸು ಮೂವತ್ತೊಂಬತ್ತು. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಕಿಟಕಿ, ಬಾಡಿಗೆ ಕರಾರಿನಲ್ಲಿ ಅವಳೊಬ್ಬಳದೇ ಸಹಿ. ಆ ಸಹಿ ಬೀಳುವ ಮೊದಲು ಏಳು ಮನೆಯವರು "ಜೊತೇಲಿ ಯಾರಿರ್ತಾರೆ?" ಎಂದು ಕೇಳಿ ಬಾಗಿಲು ಹಾಕಿಕೊಂಡಿದ್ದರು.

ಡೇಟಿಂಗ್ ಆಪ್‌ಗೆ ಅವಳನ್ನು ಹತ್ತಿಸಿದ್ದು ಅಕ್ಕ.

"ಡ್ರೈವಿಂಗ್ ಕಲಿಸ್ತೀನಿ ಅಂತ ಬರೀಬೇಡ ಕಣೇ, ಗಂಡಸರು ಹೆದರ್ಕೋತಾರೆ. ಟೀಚರ್ ಅಂತ ಹಾಕ್ತೀನಿ."

"ಸುಳ್ಳಾಗಲ್ವಾ ಅಕ್ಕ?"

"ಯಾಕೆ, ನೀನು ಕಲಿಸೋದಿಲ್ವಾ?"

ಹೀಗೆ ಟೀಚರಾಗಿ ಎರಡು ವರ್ಷ ಬೆರಳ ತುದಿಯಿಂದ ಮುಖಗಳನ್ನು ಸರಿಸಿದಳು. ಒಬ್ಬ ಮೊದಲ ಮಾತಿಗೇ ತೂಕ ಕೇಳಿದ. ಇನ್ನೊಬ್ಬ ಮೂರು ವಾರ ಹಗಲೂ ರಾತ್ರಿ ಜೇನು ಸುರಿಸಿ, ಎದುರು ಸಿಕ್ಕ ಮರುದಿನವೇ ಮಾಯವಾದ. ಮತ್ತೊಬ್ಬ ಸ್ವತಂತ್ರ ಹೆಣ್ಣೆಂದರೆ ತನಗೆ ಅಪಾರ ಗೌರವ ಎಂದು ಬರೆದುಕೊಂಡಿದ್ದ, ಫೋನ್ ಎತ್ತುವುದು ಹತ್ತು ನಿಮಿಷ ತಡವಾದರೆ "ಯಾರ ಜೊತೆಗಿದ್ದೆ?" ಎನ್ನುತ್ತಿದ್ದ. ಹತ್ತೇ ನಿಮಿಷ ಬಾಳಿಕೆ ಬರುವ ಗೌರವ.

ಆಮೇಲೆ ಸಿಕ್ಕವನು ಕನ್ನಡಕದಂಗಡಿಯವನು. ನಲವತ್ತನಾಲ್ಕು ವರ್ಷ, ವಿಚ್ಛೇದನ ಆಗಿದೆ, ಮೆಲುಮಾತು. ಅವಳ ನಿಜವಾದ ಕೆಲಸ ಕೇಳಿ ಹೆದರಲಿಲ್ಲ, ನಕ್ಕ. ಕುಂಟುವುದನ್ನು ನೋಡಿ ಮೊಣಕಾಲಿಗೆ ಹಾಕಿಕೊಳ್ಳುವ ಪಟ್ಟಿ ತಂದುಕೊಟ್ಟ. ಅವಳಿಗಾಗಿ ಯಾರಾದರೂ ಏನನ್ನಾದರೂ ತಂದು ಎಷ್ಟು ಕಾಲವಾಗಿತ್ತೋ, ಬಾತ್‌ರೂಮಿಗೆ ಹೋಗಿ ಅತ್ತಳು. ಇವನನ್ನು ಕಳೆದುಕೊಳ್ಳಬಾರದು ಅಂದುಕೊಂಡಳು.

ನಾಲ್ಕನೇ ಭಾನುವಾರದ ಹೊತ್ತಿಗೆ ಮದುವೆಯ ಮಾತೂ ಬಂದಿತ್ತು. ಐದನೇ ಭಾನುವಾರ ಅವನ ಕಾರಿನಲ್ಲಿ ಹೊರಟಿದ್ದರು. ಮುಂದಿದ್ದ ಬಸ್ಸು ಗಕ್ಕನೆ ನಿಂತಿತು. ಅವಳ ಕಾಲು ತಾನಾಗಿ ಕೆಳಗೊತ್ತಿತು. ಅಲ್ಲಿ ಬ್ರೇಕೆಲ್ಲಿ ಬರಬೇಕು, ಬರೀ ರಬ್ಬರ್ ಮ್ಯಾಟು.

"ಮತ್ತೆ ಒತ್ತಿದೆ," ಅಂದ. ಹಿಂದಿನ ನಾಲ್ಕು ಭಾನುವಾರ ಇದಕ್ಕೇ ನಕ್ಕಿದ್ದ.

"ಅಭ್ಯಾಸ ಆಗ್ಬಿಟ್ಟಿದೆ. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ."

"ಮದುವೆ ಆದ್ಮೇಲೆ ಆ ಕಾಲಿಗೆ ರೆಸ್ಟ್ ಕೊಡು. ಪೂರ್ತಿ ಬೇಡ, ಆ ಆರು ಗಂಟೆ ಬ್ಯಾಚೊಂದನ್ನ ಬಿಡು ಸಾಕು. ಬೆಳಿಗ್ಗೆ ಕಣ್ಣು ಬಿಟ್ಟಾಗ ಹೆಂಡತಿ ಮನೇಲಿರಲಿ ಅಂತ ಆಸೆ. ತಪ್ಪಾ?"

ತಪ್ಪಲ್ಲ. ಕಷ್ಟ ಇರುವುದೇ ಅಲ್ಲಿ. ಬೈದವನಿಗೆ ತಿರುಗಿ ಬೈಯಬಹುದು, ಪಟ್ಟಿ ತಂದವನಿಗೆ ಏನು ಹೇಳುವುದು? "ನಾಳೆ ಹೇಳ್ತೀನಿ," ಅಂದಳು.

ಸಂಜೆ ಅಕ್ಕ ಫೋನಿನಲ್ಲಿ ಹರಿಹಾಯ್ದಳು. "ಒಂದು ಬ್ಯಾಚು ತಾನೇ, ಬಿಡೇ ಅತ್ಲಾಗೆ! ಚಿನ್ನದಂಥ ಗಂಡಸು. ನಿನ್ನ ಹಟಕ್ಕೆ ಇವನೂ ಕೈತಪ್ಪಿದ್ರೆ ನನ್ನ ಹತ್ರ ಬಂದು ಅಳಬೇಡ."

ಗಂಡಸು ಕೆಲಸ ಬಿಡದಿದ್ದರೆ ಜವಾಬ್ದಾರಿ, ಹೆಂಗಸು ಬಿಡದಿದ್ದರೆ ಹಟ. ಈ ನಿಘಂಟು ಬರೆದ ಪುಣ್ಯಾತ್ಮ ಯಾರೋ, ಒಂದು ದಿನವಾದರೂ ಬೆಳಿಗ್ಗೆ ಆರಕ್ಕೆ ಆ ಕಾರಿನಲ್ಲಿ ಕೂತು ನೋಡಬೇಕಿತ್ತು.

ಸೋಮವಾರ ಆರಕ್ಕೆ ಬಂದವಳು ಬೇಕರಿಯಲ್ಲಿ ಕೆಲಸ ಮಾಡುವಾಕೆ. ಐವತ್ತೆರಡು ವರ್ಷ. ಗಂಡ ಏಳುವುದು ಏಳಕ್ಕೆ, "ಸೈಕಲ್ ಹತ್ತೋಕೆ ಬರಲ್ಲ, ನಿನಗ್ಯಾಕೆ ಕಾರು?" ಎಂದು ನೆಂಟರ ಮುಂದೆ ನಕ್ಕವನು. ಆರರ ಬ್ಯಾಚಿನ ನಾಲ್ವರೂ ಇಂಥವರೇ. ಮನೆ ಏಳುವ ಮೊದಲು ಕದ್ದು ಕಲಿತು, ಏನೂ ಆಗದವರಂತೆ ಹೋಗಿ ಒಲೆ ಹಚ್ಚುವವರು. ಏಳಕ್ಕೆ ಬನ್ನಿ ಎಂದರೆ ಒಬ್ಬಳೂ ಬರಲಾರಳು.

ಆಕೆ ಸೀಟು ಮುಂದಕ್ಕೆಳೆದುಕೊಳ್ಳುತ್ತಿರುವಾಗ ಮೇಡಂ ಫೋನು ಗುನುಗಿತು. ಕನ್ನಡಕದಂಗಡಿಯವನು: "ಏಳಕ್ಕೆ ಶುರು ಮಾಡು. ಒಂದೇ ಒಂದು ಗಂಟೆ ಕೇಳ್ತಿದೀನಿ."

ತನ್ನ ಗಂಟೆಯಾಗಿದ್ದರೆ ಕೊಟ್ಟೇಬಿಡುತ್ತಿದ್ದಳೇನೋ, ಅಷ್ಟು ದಣಿದಿದ್ದಳು. ಬರೆದಳು: "ಆರರ ಬ್ಯಾಚು ಬಿಡೋಕಾಗಲ್ಲ. ಅದರ ಜೊತೆಗೇ ನಾನು ಬೇಕಿದ್ರೆ ಹೇಳಿ."

ಉತ್ತರ ಬೇಗ ಬಂತು. "ಯೋಚನೆ ಮಾಡ್ತೀನಿ."

ಮೇಡಂ ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು. ಕಾರು ಹೊರಟಿತು. ಎರಡನೇ ತಿರುವಿನಲ್ಲಿ ನಾಯಿಯೊಂದು ಅಡ್ಡ ಬಂತು. ಕಾರು ಮುಗ್ಗರಿಸಿ ನಿಂತಿತು.

"ಮೇಡಂ, ನೀವು ಒತ್ತಿದ್ರಾ?"

ಮೇಡಂ ಕೆಳಗೆ ನೋಡಿದಳು. ಮನಸ್ಸು ಫೋನಿನಲ್ಲಿತ್ತು; ಕಾಲು ಮ್ಯಾಟಿನ ಮೇಲೆ ಸುಮ್ಮನೆ ಬಿದ್ದಿತ್ತು.

"ಇಲ್ಲಮ್ಮ. ನೀವೇ ಒತ್ತಿದ್ದು."

"ಅಯ್ಯೋ, ನಾನಾ!" ಬೇಕರಿಯಾಕೆ ಸ್ಟಿಯರಿಂಗ್ ಹಿಡಿದುಕೊಂಡೇ ನಗತೊಡಗಿದಳು. ಹಿಂದಿನ ಲಾರಿಯವನು ಹಾರ್ನ್ ಬಾರಿಸಿದ.

"ಅವನು ಬಡ್ಕೊಳ್ಲಿ ಬಿಡಿ. ನಿಧಾನಕ್ಕೆ ಸ್ಟಾರ್ಟ್ ಮಾಡಿ," ಅಂದು ಮೇಡಂ ಮೊಣಕಾಲಿನ ಪಟ್ಟಿಯನ್ನು ಬಿಗಿಮಾಡಿಕೊಂಡು, ಕಾಲನ್ನು ಮತ್ತೆ ಬ್ರೇಕಿನ ಮೇಲಿಟ್ಟಳು.