ದೊಡ್ಡವ್ವ ಕಟ್ಟಿದ ತೋಳದ ಬಾಯಿ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ಮೊನ್ನೆ ಮೊಮ್ಮಗ ಮೊಬೈಲಿನ ಆಟದಲ್ಲಿ ರಾಕ್ಷಸನೊಬ್ಬನಿಗೆ ಮಂತ್ರ ಹಾಕಿ, "ತಾತ, ಸ್ವಲ್ಪ ಹೊತ್ತಷ್ಟೇ ಇವ್ನು ನನ್ನ ಮಾತು ಕೇಳೋದು. ಆಮೇಲೆ ನನ್ನನ್ನೇ ಹೊಡೀತಾನೆ" ಎಂದ. ನಾನು ಎದ್ದು ಹೊರಗೆ ಹೋದೆ.

ಎಪ್ಪತ್ತರ ದಶಕದಲ್ಲಿ, ನಾನು ಹುಡುಗನಾಗಿದ್ದಾಗ, ಶೇಂಗಾ ಕಿತ್ತ ಮೇಲೆ ಸೋದರಮಾವನ ಕುರಿಮಂದೆ ಧರ್ಮಪುರದ ಹೊಲಗಳಲ್ಲಿ ಗೊಬ್ಬರಕ್ಕೆಂದು ಬೀಡು ಬಿಡುತ್ತಿತ್ತು. ಕಂಬಳಿಗೆಲ್ಲ ಹಿಕ್ಕೆಯ ವಾಸನೆ. ಮಾವನ ಅಕ್ಕ, ನನ್ನ ದೊಡ್ಡವ್ವ, ಗಂಡ ಸತ್ತ ಮೇಲೆ ಮಂದೆಯ ಜೊತೆಗೇ ಇದ್ದಳು. ಕುರಿ ಮುಟ್ಟದಂತೆ ತೋಳದ ಬಾಯಿ ಕಟ್ಟುವ ವಿದ್ಯೆ ಅವಳಿಗೆ ಗೊತ್ತಿತ್ತು. ಅವಳ ಮುದ್ದೆಗೆ ಅದೇ ಆಧಾರ. ಹೊತ್ತು ಮುಳುಗುವಾಗ ಕಾಲುದಾರಿಯ ಹರಳು ಆರಿಸಿ, ಮಂತ್ರ ಹೇಳಿ, ಸೆರಗಿಗೆ ಗಂಟು ಹಾಕುವಳು. ಮತ್ತೆ ಸೂರ್ಯ ಹುಟ್ಟಿ ಗಂಟು ಬಿಚ್ಚುವತನಕ ಮಾತಿಲ್ಲ, ಗುಟುಕು ನೀರೂ ಇಲ್ಲ.

"ಕಟ್ಟು ಎಷ್ಟೊತ್ತು ಇರ್ತೈತೆ ದೊಡ್ಡವ್ವ?"

"ನನ್ನ ಬಾಯಿ ಮುಚ್ಚಿರೋತಂಕ ಕಣಪ್ಪ. ಬೆಳಕಾದ ಮೇಲೆ ಬಿಚ್ಲೇಬೇಕು. ಅದೂ ಹಸಿದ ಜೀವ ಅಲ್ವಾ?"

ಮರಿಗಳ ದೊಡ್ಡಿಯ ಬಾಗಿಲಿಗೆ ಸಂಜೆ ತಡಿಕೆ ಬಿಗಿಯುವುದು ನನ್ನ ಕೆಲಸ. ಅಂದು ಹುಡುಗರು ಶೇಂಗಾ ಸುಡುತ್ತಿದ್ದರು. "ಬಾರಲೇ, ಆಮೇಲೆ ಸಿಪ್ಪೆ ತಿಂತೀಯ" ಎಂದು ಕೂಗಿದರು. ತೋಳದ ಬಾಯಿ ಕಟ್ಟೈತಲ್ಲ ಅಂದುಕೊಂಡು ತಡಿಕೆಯನ್ನು ಸುಮ್ಮನೆ ಒರಗಿಸಿ ಓಡಿದೆ.

ನಸುಕಿನಲ್ಲಿ ನೋಡಿದರೆ ತಡಿಕೆ ಬಿದ್ದಿತ್ತು. ತೋಳ ನುಗ್ಗಿದ ದೊಡ್ಡಿಯಲ್ಲಿ ಸತ್ತ ಮರಿಗಳು. ಮಾವ ನನ್ನ ರಟ್ಟೆ ಹಿಡಿದ. "ತಡಿಕೆ ಬಿಗಿದಿದ್ದೇನಲೇ?"

"ಬಿಗಿದಿದ್ದೆ ಮಾವ. ದೊಡ್ಡವ್ವ ರಾತ್ರಿ ಮಾತಾಡಿದ್ಲು. ನಾನೇ ಕೇಳ್ದೆ."

ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಬದುಕಿದ ಮರಿಗಳು ಹೊಲದ ತುಂಬ ಚದುರಿ ಅರಚುತ್ತಿದ್ದವು. ದೊಡ್ಡವ್ವ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ನನ್ನನ್ನೇ ನೋಡಿದಳು. ಬಾಯಿ ಬಿಡಲಿಲ್ಲ. ಬಿಸಿಲು ಬಿದ್ದ ಮೇಲೆ ಗಂಟು ಬಿಚ್ಚಿ ಹರಳು ಚೆಲ್ಲಿ, "ನಾನು ಮಾತಾಡಿಲ್ಲ ಕಣೋ ತಮ್ಮ" ಎಂದಳು.

"ಕೂಸು ಸುಳ್ಳು ಹೇಳ್ತೈತಾ?" ಎಂದ ಮಾವ.

ಅವಳು ನೀರು ಕೇಳಿದಳು. ಯಾರೂ ಕೊಡಲಿಲ್ಲ. ಬಿಂದಿಗೆ ನನ್ನ ಕಾಲ ಬಳಿಯೇ ಇತ್ತು.

ಅಂದೇ ಅವಳನ್ನು ಹಿರಿಯೂರಿನ ಬಸ್ಸಿಗೆ ಹತ್ತಿಸಿದರು. ಬಿ.ದುರ್ಗದ ಕಡೆ ಯಾರದೋ ಹೊಲಗಳಲ್ಲಿ ಕೂಲಿ ಮಾಡಿಕೊಂಡೇ ಸತ್ತಳು. ಆ ದಾರಿಯಲ್ಲಿ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ, ಒಮ್ಮೆಯೂ ಇಳಿಯಲಿಲ್ಲ.

ಈಗ ಮಂದೆಯಿಲ್ಲ, ಮಾವನಿಲ್ಲ, ಆ ಹೊಲಗಳಲ್ಲಿ ತೋಳವೂ ಇಲ್ಲ. ತಪ್ಪಾಯಿತು ಎಂದರೆ ಕೇಳಿಸಿಕೊಳ್ಳಬೇಕಾದವಳೂ ಇಲ್ಲ. ನಾವೆಲ್ಲ ಬರೀ ದೊಡ್ಡವ್ವ ಎಂದೇ ಕರೆಯುತ್ತಿದ್ದ ಅವಳ ಹೆಸರು ಕೆಂಚವ್ವ.