ನಾನು ಬದುಕಿಸಿದ ಸುಮಿತ್ರಾ

ಎರಡು ವರ್ಷದ ಹಿಂದಿನ ಬೇಸಿಗೆ. ತಿಕೋಟಾ ಹತ್ತಿರದ ಒಂದು ಒಣದ್ರಾಕ್ಷಿ ಶೆಡ್ಡಿಗೆ ನಾನು ಬಬಲೇಶ್ವರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ದ್ರಾಕ್ಷಿಯಲ್ಲಿನ ಕಡ್ಡಿ, ಕಸ ಆರಿಸುವ ಕೆಲಸ. ಹತ್ತು-ಹನ್ನೆರಡು ಮಂದಿ ಹೆಂಗಸರಲ್ಲಿ ಸರಾಗವಾಗಿ ಓದಲು ಬರುತ್ತಿದ್ದವಳು ನಾನೊಬ್ಬಳೇ. ಹೀಗಾಗಿ ವಾರಪತ್ರಿಕೆ ಬಂದ ದಿನ ನನಗೆ ಆರಿಸುವುದು ಮಾಫ್. ನನ್ನ ಪಾಲಿನ ದ್ರಾಕ್ಷಿಯನ್ನು ಅವರೇ ಹಂಚಿಕೊಂಡು ಆರಿಸುತ್ತಿದ್ದರು, ನಾನು ಧಾರಾವಾಹಿ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ದಿನ ನನ್ನ ಗತ್ತೇ ಬೇರೆ ಇರುತ್ತಿತ್ತು.

ಕಾದಂಬರಿಯ ನಾಯಕಿ ಸುಮಿತ್ರಾ ತುಂಬು ಬಸುರಿ. ಬಿ.ಪಿ. ಏರಿ ಆಸ್ಪತ್ರೆ ಸೇರಿದಲ್ಲಿಗೆ ಕಂತು ನಿಂತಿತ್ತು. ಕರ್ಮ ನೋಡಿ, ಅದೇ ವಾರ ನಮ್ಮ ಜೊತೆ ಕೆಲಸ ಮಾಡುವ ಕಾಶಕ್ಕನ ಮಗಳು ರೇಣುಕಾಳನ್ನೂ ಅದೇ ತೊಂದರೆಗೆ ವಿಜಯಪುರದ ಆಸ್ಪತ್ರೆಗೆ ಸೇರಿಸಿದ್ದರು.

ಪತ್ರಿಕೆ ಬಂದ ದಿನ ಕಾಶಕ್ಕ ಬಟ್ಟೆಯ ಗಂಟು ಹಿಡಿದು ಶೆಡ್ಡಿಗೆ ಬಂದಳು.

"ಮಧ್ಯಾಹ್ನ ಆಪರೇಷನ್ ಅಂದಾರ. ಬಸ್ಸಿಗಿ ಇನ್ನಾ ಟೈಮ್ ಐತಿ. ಸುಮಿತ್ರಾಂದು ಏನಾತು ಓದು ತಂಗಿ. ಆಕಿ ಪಾರಾದ್ರ ನನ್ನ ಮಗಳೂ ಪಾರಾಗ್ತಾಳ."

ಓದುವಾಗ ನನ್ನ ಕಣ್ಣು ಯಾವಾಗಲೂ ನಾಲ್ಕು ಸಾಲು ಮುಂದೆ ಓಡುತ್ತದೆ. ಅವತ್ತೂ ಓಡಿತು. ಸುಮಿತ್ರಾ ಸತ್ತಿದ್ದಳು. ಎದುರಿಗೆ ಕಾಶಕ್ಕ ಸೆರಗಿನ ತುದಿ ಹಿಡಿದು, ನನ್ನ ಬಾಯನ್ನೇ ನೋಡುತ್ತ ಕೂತಿದ್ದಾಳೆ.

"ಯಾಕ ನಿಂತಿ? ಓದು ತಂಗಿ!"

ಓದಿದೆ. "ಅಷ್ಟರಲ್ಲಿ ಒಳಗಿನಿಂದ ಕೂಸು ಅಳುವ ದನಿ ಕೇಳಿತು. ನರ್ಸ್ ಬಾಗಿಲು ತೆರೆದು, ತಾಯಿ ಮಗು ಇಬ್ಬರೂ ಕ್ಷೇಮ ಎಂದಳು." ಹಾಳೆಯಲ್ಲಿ ಅದರ ಒಂದಕ್ಷರವೂ ಇರಲಿಲ್ಲ. ಕಾಶಕ್ಕ ಕಣ್ಣೊರೆಸಿಕೊಂಡು, "ನಿನ್ನ ಬಾಯಾಗ ಸಕ್ಕರಿ ಬೀಳ್ಲಿ!" ಎಂದು ಹೇಳಿ, ಗಂಟೆತ್ತಿಕೊಂಡು ದಡದಡ ಬಸ್ಸಿಗೆ ಹೋದಳು.

ಆಮೇಲೆ ಶುರುವಾಯಿತು ನೋಡಿ ನನ್ನ ಎದೆ ಢವಢವ. ರೇಣುಕಾಗೆ ಏನಾದರೂ ಆದರೆ? ಸುಳ್ಳು ಧೈರ್ಯ ಹೇಳಿ ಕಳಿಸಿದ ಪಾಪ ನನ್ನದೇ ಅಲ್ಲವೇ? ಊಟದ ಬುತ್ತಿ ಬಿಚ್ಚಲೇ ಇಲ್ಲ. ಸಂಜೆ ಐದಕ್ಕೆ ಕಾಶಕ್ಕನ ಫೋನು ಬಂತು.

"ಹೆಣ್ಣು ಕೂಸು. ಇಬ್ರೂ ಆರಾಮ ಅದಾರ!"

ನಾನು ಇದ್ದಲ್ಲೇ ಕುಸಿದು ಕೂತು ಹೋ ಎಂದು ಅತ್ತೆ. ಅಷ್ಟು ಹಗುರಾದ ಸಂಜೆ ನನ್ನ ಜೀವಮಾನದಲ್ಲಿ ಇನ್ನೊಂದಿಲ್ಲ.

ಆದರೆ ಸುಳ್ಳಿಗೆ ಸಾವಿರ ಕಾಲು ಹಚ್ಚಬೇಕಲ್ಲ! ಪತ್ರಿಕೆಯಲ್ಲಿ ಸುಮಿತ್ರಾಳ ಗಂಡ ಆಗಲೇ ಎರಡನೇ ಮದುವೆಗೆ ಹೆಣ್ಣು ನೋಡುತ್ತಿದ್ದ. ಶೆಡ್ಡಿನಲ್ಲಿ ಸುಮಿತ್ರಾ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ವಾರವಾರವೂ ನಾನೇ ಬರೆದು, ಆ ಹಾಳೆಯನ್ನು ಪತ್ರಿಕೆಯೊಳಗೆ ಇಟ್ಟುಕೊಂಡು ಓದುತ್ತಿದ್ದೆ.

ಒಂದೂವರೆ ತಿಂಗಳಾದ ಮೇಲೆ ಕಾಶಕ್ಕ ಕೆಲಸಕ್ಕೆ ಮರಳಿದಳು. ಬಂದವಳೇ ಎಲ್ಲರ ಮುಂದೆ ಕೇಳಿದಳು: "ನಮ್ಮ ರೇಣುಕಾ ದವಾಖಾನ್ಯಾಗ ಆ ಪುಸ್ತಕ ಓದ್ಯಾಳಂತ. ಸುಮಿತ್ರಾ ಸತ್ತಾಳ ಅಂತಾಳ. ಖರೆ ಏನ?"

ಆರಿಸುವ ಕೈಗಳೆಲ್ಲ ನಿಂತವು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. "ಖರೇನ ಅಕ್ಕಾ. ತಪ್ಪಾತು," ಎಂದೆ.

ಕಾಶಕ್ಕ ನನ್ನ ಪಕ್ಕಕ್ಕೇ ಬಂದು ಕೂತಳು.

"ಅವತ್ತ ನೀ ಇದ್ದದ್ದ ಓದಿದ್ರ ನನ್ನ ಕಾಲು ಬಸ್ ಹತ್ತತಿದ್ದಿಲ್ಲ ತಂಗಿ. ಮಗಳ ಮುಂದ ನಗುಮುಖ ಹೊತ್ಕೊಂಡು ನಿಂತೆ. ಅದು ನೀ ಕೊಟ್ಟಿದ್ದು." ಎಂದವಳು ಗದರಿಸಿದಳು, "ಅವರ ಸುಮಿತ್ರಾ ಸತ್ರ ಸಾಯ್ಲಿ. ನಮ್ಮಾಕಿದು ಮುಂದ ಏನಾತು, ಓದು!"

"ಈ ವಾರದ್ದು ಇನ್ನಾ ಬರೆದಿಲ್ಲಕ್ಕ," ಎಂದೆ.

"ಬರೀದಿದ್ರ ಬಾಯಿಲೇ ಹೇಳು!"

ಶೆಡ್ಡಿಗೆ ಶೆಡ್ಡೇ ನಕ್ಕಿತು. ನಾನೂ ಅಳುತ್ತಲೇ ನಕ್ಕು, ಹೇಳತೊಡಗಿದೆ.

ಕಥೆ ಎಂದರೆ ಬರೀ ಸುಳ್ಳು, ಓದಿ ಏನು ಪ್ರಯೋಜನ ಎಂದು ಈಗಲೂ ಯಾರಾದರೂ ಅನ್ನುತ್ತಾರೆ. ನಾನು ವಾದಕ್ಕೆ ನಿಲ್ಲುವುದಿಲ್ಲ. ಅವತ್ತು ತಿಕೋಟಾದಿಂದ ವಿಜಯಪುರದ ತನಕ, ಬಸ್ಸಿನಲ್ಲಿ ಅಳದೆ ಕೂತು ಹೋದ ಒಬ್ಬ ತಾಯಿ ನನಗೆ ಗೊತ್ತು.